ಪೆಟ್ರೋಲ್ ಏರಿದರೆ ನಮ್ಮ ಚೀಲಕ್ಕೆ ಏನಾಗುತ್ತದೆ? ಹಾಸನದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ತರಗತಿಗಿಂತ ಹೊರಗೇ ನನಗೆ ಜಾಸ್ತಿ ಪ್ರಶ್ನೆ ಬರುತ್ತವೆ. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ತರಕಾರಿ ಆರಿಸುವಾಗ, ಆಟೋದಲ್ಲಿ ಕೂತಾಗ, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ. "ಮೇಡಂ, ಹಣದುಬ್ಬರ ಇಳಿದಿದೆ ಅಂತಾರೆ, ನಮಗ್ಯಾಕೆ ಗೊತ್ತಾಗ್ತಿಲ್ಲ?" ಅಂತ ಶುರುವಾಗಿ ಮಾತು ಪೆಟ್ರೋಲಿಗೆ ಬಂದು ನಿಲ್ಲುತ್ತದೆ. ಒಬ್ಬೊಬ್ಬರಿಗೆ ಅರ್ಧರ್ಧ ಉತ್ತರ ಕೊಟ್ಟು ಬಂದಿದ್ದೇನೆ. ಇಲ್ಲಿ ಪೂರ್ತಿ ಬರೆದಿದ್ದೇನೆ. ಲೆಕ್ಕ ಬಂದ ಕಡೆ ಲೆಕ್ಕವನ್ನೂ ತೋರಿಸಿದ್ದೇನೆ, ನೀವೇ ಮಾಡಿ ನೋಡಬಹುದು.

ಪೆಟ್ರೋಲ್ ಏರಿದ ಕೂಡಲೇ ಎಲ್ಲವೂ ಏರಿತು ಅನ್ನಿಸುವುದು ಯಾಕೆ?

ಆ ದರ ನಮ್ಮ ಕಣ್ಣಿಗೆ ಬೀಳುವಷ್ಟು ಬೇರೆ ಯಾವ ದರವೂ ಬೀಳುವುದಿಲ್ಲ. ಬಿ.ಎಂ. ರಸ್ತೆಯಲ್ಲಿ ಒಂದು ಸುತ್ತು ಹೋದರೆ ಸಾಕು, ಬಂಕುಗಳ ಮುಂದೆ ದರ ಪೈಸೆ ಸಮೇತ ಹೊಳೆಯುತ್ತಿರುತ್ತದೆ. ತೊಗರಿಬೇಳೆಗೆ ಹಾಗೆ ರಸ್ತೆ ಬದಿಯಲ್ಲಿ ಬೋರ್ಡ್ ಇಲ್ಲ. ಸೋಪಿಗೂ ಇಲ್ಲ. ಟಿವಿಯಲ್ಲಿ ಹೇಳುವುದೂ ಪೆಟ್ರೋಲ್ ದರವನ್ನೇ.

ಇನ್ನೊಂದು ಕಾರಣ, ಬಂಕಿಗೆ ನಾವು ವಾರಕ್ಕೆ ಒಂದೆರಡು ಸಲ ಹೋಗುತ್ತೇವೆ. ಫ್ರಿಜ್ ಕೊಳ್ಳುವುದು ಹತ್ತು ಹದಿನೈದು ವರ್ಷಕ್ಕೊಮ್ಮೆ. ಖರ್ಚಿನ ಮೊತ್ತ ಎಷ್ಟು ಅನ್ನುವುದಕ್ಕಿಂತ, ಎಷ್ಟು ಸಲ ಜೇಬಿಗೆ ಕೈ ಹೋಯಿತು ಅನ್ನುವುದೇ ಮನಸ್ಸಿನಲ್ಲಿ ಉಳಿಯುತ್ತದೆ. ಇದು ನಮ್ಮೂರಿನ ಗುಣ ಮಾತ್ರ ಅಲ್ಲ. ಅಮೆರಿಕದಲ್ಲಿ ಕೊಯ್ಬಿಯನ್ ಮತ್ತು ಗೊರೊಡ್ನಿಚೆಂಕೊ ಎಂಬ ಅರ್ಥಶಾಸ್ತ್ರಜ್ಞರು ಇದನ್ನೇ ಗಮನಿಸಿದರು. 2009ರಿಂದ 2011ರ ನಡುವೆ ಅಲ್ಲಿ ಆರ್ಥಿಕತೆ ಮಂಕಾಗಿತ್ತು. ಆದರೂ ಬೆಲೆ ಏರುತ್ತದೆ ಅನ್ನುವ ಮನೆಮಂದಿಯ ನಿರೀಕ್ಷೆ ಮೇಲಕ್ಕೆ ಹೋಗಿತ್ತು. ಅದಕ್ಕೆ ದೊಡ್ಡ ಕಾರಣ ತೈಲ ಬೆಲೆ ಎಂದು ಅವರು ತೋರಿಸಿದರು.

ನಮ್ಮಲ್ಲಿ ಇನ್ನೊಂದು ಅಭ್ಯಾಸ ಇದೆ. "ನೂರು ರೂಪಾಯಿಗೆ ಹಾಕಿ" ಅನ್ನುವುದು. ಹಾಗೆ ಹಾಕಿಸುವವರಿಗೆ ದರ ಏರಿದ್ದು ಬಂಕಿನಲ್ಲಿ ಗೊತ್ತಾಗುವುದಿಲ್ಲ, ದಾರಿಯಲ್ಲಿ ಗೊತ್ತಾಗುತ್ತದೆ. ಲೀಟರಿಗೆ 45 ಕಿ.ಮೀ. ಕೊಡುವ ಬೈಕ್ ಅಂದುಕೊಳ್ಳಿ. ದರ 75 ರೂಪಾಯಿ ಇದ್ದಾಗ ನೂರು ರೂಪಾಯಿಗೆ 60 ಕಿ.ಮೀ. ಹೋಗುತ್ತಿತ್ತು. 103 ಆದರೆ 44 ಕಿ.ಮೀ.ಗೇ ನಿಲ್ಲುತ್ತದೆ. ಗುರುವಾರದವರೆಗೆ ಬರುತ್ತಿದ್ದ ಪೆಟ್ರೋಲ್ ಮಂಗಳವಾರವೇ ಮುಗಿದರೆ, ಬದುಕೇ ದುಬಾರಿ ಆಯಿತು ಅನ್ನಿಸದೆ ಇರುತ್ತದಾ?

ಸರ್ಕಾರ ಹಣದುಬ್ಬರ ಇಳಿದಿದೆ ಅನ್ನುತ್ತದೆ. ಅಂಗಡಿಯಲ್ಲಿ ಏನೂ ಇಳಿದಿಲ್ಲ. ಯಾರು ಸುಳ್ಳು ಹೇಳುತ್ತಿದ್ದಾರೆ?

ಯಾರೂ ಅಲ್ಲ. ಎರಡೂ ಬೇರೆ ಬೇರೆ ವಿಷಯ.

ಗುಂಡ್ಯದಿಂದ ಸಕಲೇಶಪುರಕ್ಕೆ ಶಿರಾಡಿ ಘಾಟಿ ಹತ್ತುವ ಲಾರಿಯನ್ನು ನೆನಪಿಸಿಕೊಳ್ಳಿ. ಮೊದಲು ಗಂಟೆಗೆ 40 ಕಿ.ಮೀ. ವೇಗದಲ್ಲಿತ್ತು, ತಿರುವಿನಲ್ಲಿ 10ಕ್ಕೆ ಬಂತು. ವೇಗ ಇಳಿಯಿತು, ಆದರೆ ಲಾರಿ ಇನ್ನೂ ಹತ್ತುತ್ತಲೇ ಇದೆ. ಹಣದುಬ್ಬರ ಅನ್ನುವುದು ಆ ವೇಗ. ನೀವು ಅಂಗಡಿಯಲ್ಲಿ ನೋಡುವುದು ಲಾರಿ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನು.

ಒಂದು ಲೆಕ್ಕ ಮಾಡೋಣ. 100 ರೂಪಾಯಿಯ ಸಾಮಾನು ಮೊದಲ ವರ್ಷ ಶೇ. 7, ಆಮೇಲೆ 6, ಆಮೇಲೆ 5, ಕೊನೆಗೆ ಬರೀ 2ರಷ್ಟು ಏರಿತು ಅಂದುಕೊಳ್ಳಿ. ಪೇಪರಿನಲ್ಲಿ ಪ್ರತಿ ವರ್ಷವೂ "ಹಣದುಬ್ಬರ ಇಳಿಕೆ" ಅಂತಲೇ ಬರುತ್ತದೆ. ನಿಮ್ಮ ಬಿಲ್ ಮಾತ್ರ 121 ರೂಪಾಯಿ ದಾಟಿರುತ್ತದೆ. ಸಂಬಳ ಅಷ್ಟೇ ಏರಿದ್ದರೆ ಸರಿ. ಏರದವರ ಪಾಲಿಗೆ "ಇಳಿಕೆ" ಅನ್ನುವ ಮಾತು ನೋವು ಕೊಡುತ್ತದೆ. ಆ ನೋವು ನ್ಯಾಯವಾದದ್ದೇ ಅಂತ ನನಗೆ ಅನ್ನಿಸುತ್ತದೆ. ಸುದ್ದಿ ಬರೆಯುವವರು "ಬೆಲೆ ಏರುವ ವೇಗ ತಗ್ಗಿದೆ" ಅಂತ ಬರೆದರೆ ಎಷ್ಟೋ ಗೊಂದಲ ಕಮ್ಮಿಯಾಗುತ್ತದೆ.

ದೇಶದ ಚಿಲ್ಲರೆ ಹಣದುಬ್ಬರ ಏಪ್ರಿಲ್ 2022ರಲ್ಲಿ ಶೇ. 7.79 ಇತ್ತು. ಜುಲೈ 2023ರಲ್ಲಿ ಟೊಮೆಟೊ ಹಾರಿದಾಗ 7.44. ಅಕ್ಟೋಬರ್ 2025ರಲ್ಲಿ ಬರೀ 0.25. ಆ ಅಕ್ಟೋಬರಿನಲ್ಲಿ ತರಕಾರಿ ನಿಜಕ್ಕೂ ಹಿಂದಿನ ವರ್ಷಕ್ಕಿಂತ ಅಗ್ಗವಾಗಿತ್ತು. ಟೊಮೆಟೊ ಏರಿದ ವರ್ಷ ಮಾರುಕಟ್ಟೆಯಲ್ಲಿ ಸಿಕ್ಕವರೆಲ್ಲ ನನ್ನನ್ನು ನಿಲ್ಲಿಸಿ ಕೇಳಿದ್ದರು. ತರಕಾರಿ ಇಳಿದ ತಿಂಗಳು ಒಬ್ಬರೂ ಆ ಮಾತು ಎತ್ತಲಿಲ್ಲ. ಏರಿದ ಹತ್ತು ರೂಪಾಯಿ ಚುಚ್ಚುವಷ್ಟು ಇಳಿದ ಹತ್ತು ರೂಪಾಯಿ ಖುಷಿ ಕೊಡುವುದಿಲ್ಲ. ಎಲ್ಲಾ ದೇಶದಲ್ಲೂ ಜನರ ಮನಸ್ಸು ಹೀಗೇ ಇದೆ.

ಸರ್ಕಾರದ ಲೆಕ್ಕದಲ್ಲಿ ಪೆಟ್ರೋಲಿಗೆ ಎಷ್ಟು ಪಾಲು?

ಹಣದುಬ್ಬರ ಅಳೆಯಲು ಸರ್ಕಾರ ಬಳಸುವುದು ಗ್ರಾಹಕ ಬೆಲೆ ಸೂಚ್ಯಂಕ. ಬಹಳ ವರ್ಷ ಬಳಕೆಯಲ್ಲಿದ್ದ 2012ರ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯದ ತೂಕ, ಅಂದರೆ ನೂರು ರೂಪಾಯಿ ಖರ್ಚಿನಲ್ಲಿ ಅದರ ಪಾಲು, 45.86. "ಇಂಧನ ಮತ್ತು ಬೆಳಕು" ಅನ್ನುವ ಗುಂಪಿಗೆ 6.84. ಅದರಲ್ಲಿ ಬರುತ್ತಿದ್ದದ್ದು ಗ್ಯಾಸು, ಸೌದೆ, ಕರೆಂಟು, ಸೀಮೆಎಣ್ಣೆ. ಗಾಡಿಗೆ ಹಾಕುವ ಪೆಟ್ರೋಲ್ ಅಲ್ಲಿರಲಿಲ್ಲ. ಅದು ಸಾರಿಗೆ ಮತ್ತು ಸಂಪರ್ಕದ ಗುಂಪಿನಲ್ಲಿತ್ತು. ನೂರಕ್ಕೆ ಸುಮಾರು ಎರಡು ಪಾಲು ಅಷ್ಟೇ.

ಆ ತೂಕಗಳನ್ನು ಗೊತ್ತು ಮಾಡಿದ್ದು 2011–12ರಲ್ಲಿ ಮನೆಗಳು ಮಾಡಿದ ಖರ್ಚಿನ ಸಮೀಕ್ಷೆ ನೋಡಿ. ಆಗ ಎಷ್ಟು ಮನೆಯಲ್ಲಿ ಸ್ಕೂಟರ್ ಇತ್ತು, ಈಗ ಎಷ್ಟು ಮನೆಯಲ್ಲಿದೆ ಅಂತ ನಿಮ್ಮ ಬೀದಿಯಲ್ಲೇ ಎಣಿಸಿ ನೋಡಿ. ಅದೂ ಅಲ್ಲದೆ ಇದು ಇಡೀ ದೇಶದ ಸರಾಸರಿ. ದಿನಾ ಆಲೂರಿನಿಂದ ಬೈಕಿನಲ್ಲಿ ಹಾಸನಕ್ಕೆ ಕೆಲಸಕ್ಕೆ ಬರುವ ಹುಡುಗನಿಗೆ ನೂರಕ್ಕೆ ಎರಡು ಅನ್ನುವುದು ಒಪ್ಪುವ ಲೆಕ್ಕವೇ ಅಲ್ಲ. ಆಟೋ ಓಡಿಸುವವರಿಗಂತೂ ದುಡಿಮೆಯ ದೊಡ್ಡ ಪಾಲು ಇಂಧನಕ್ಕೇ ಹೋಗುತ್ತದೆ.

"ತೈಲ ಆಘಾತ" ಅಂದರೆ ಏನು?

ಕಚ್ಚಾ ತೈಲದ ಬೆಲೆ ಸ್ವಲ್ಪವೇ ಕಾಲದಲ್ಲಿ ಯಾರೂ ಎಣಿಸದಷ್ಟು ಏರುವುದು, ಇಲ್ಲವೇ ಇಳಿಯುವುದು. ಅಕ್ಟೋಬರ್ 1973ರಲ್ಲಿ ಅರಬ್ ದೇಶಗಳು ತೈಲ ಕೊಡುವುದನ್ನು ತಡೆದವು. ಬ್ಯಾರಲ್‌ಗೆ ಸುಮಾರು 3 ಡಾಲರ್ ಇದ್ದದ್ದು ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯಿತು. 1979ರಲ್ಲಿ ಇರಾನ್ ಕ್ರಾಂತಿ. ಆಗಸ್ಟ್ 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿತು. ಆ ಸಲದ ಪೆಟ್ಟು ನಮಗೆ ಜೋರಾಗಿ ಬಿತ್ತು, ವಿದೇಶಿ ವಿನಿಮಯ ಬರಿದಾಗಿ 1991ರಲ್ಲಿ ದೇಶ ಚಿನ್ನ ಅಡವಿಡಬೇಕಾಯಿತು. ಜುಲೈ 2008ರಲ್ಲಿ ಬೆಲೆ 147 ಡಾಲರ್ ಮುಟ್ಟಿತು. ಫೆಬ್ರವರಿ 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧಕ್ಕೆ ಹೋದ ಮೇಲೆ ಮಾರ್ಚಿನಲ್ಲಿ ಒಂದು ಹಂತಕ್ಕೆ 139 ಡಾಲರ್ ಆಗಿತ್ತು.

ಒಂದು ಬ್ಯಾರಲ್ ಅಂದರೆ 159 ಲೀಟರ್. ನಾವು ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿನಿಂದಲೇ ಬರುತ್ತದೆ. ದುಡ್ಡು ಕೊಡುವುದು ಡಾಲರಿನಲ್ಲಿ. ಹಾಗಾಗಿ ಡಾಲರ್ ದರವನ್ನೂ ಸೇರಿಸಿಯೇ ನೋಡಬೇಕು. ಜುಲೈ 2008ರಲ್ಲಿ ಡಾಲರ್ ಸುಮಾರು 43 ರೂಪಾಯಿ. 147 ಡಾಲರ್ ಅಂದರೆ ಬ್ಯಾರಲ್‌ಗೆ 6,300 ರೂಪಾಯಿ. ಜೂನ್ 2022ರಲ್ಲಿ ಭಾರತ ಕೊಳ್ಳುವ ತೈಲದ ಸರಾಸರಿ 116 ಡಾಲರ್, ಆದರೆ ಡಾಲರ್ 78 ರೂಪಾಯಿ ಆಗಿತ್ತು. ಅಲ್ಲಿಗೆ ಬ್ಯಾರಲ್‌ಗೆ 9,000 ರೂಪಾಯಿ ದಾಟಿತು. ಡಾಲರ್ ಲೆಕ್ಕದಲ್ಲಿ ಕಮ್ಮಿ, ನಮ್ಮ ಜೇಬಿನ ಲೆಕ್ಕದಲ್ಲಿ ಜಾಸ್ತಿ.

ಕಚ್ಚಾ ತೈಲ ಏರಿದರೆ ಏರಿಸುತ್ತಾರೆ. ಇಳಿದಾಗ ಯಾಕೆ ಇಳಿಸುವುದಿಲ್ಲ?

ಎಲ್ಲರೂ ಸ್ವಲ್ಪ ಸಿಟ್ಟಿನಲ್ಲೇ ಕೇಳುವ ಪ್ರಶ್ನೆ ಇದು. ಆ ಸಿಟ್ಟಿಗೆ ಆಧಾರ ಇದೆ.

ಕಾಗದದ ಮೇಲೆ ದರಗಳು ಮುಕ್ತ. ಪೆಟ್ರೋಲಿನ ಮೇಲಿನ ನಿಯಂತ್ರಣ ಜೂನ್ 2010ರಲ್ಲಿ ಹೋಯಿತು, ಡೀಸೆಲ್ ಮೇಲಿನದು ಅಕ್ಟೋಬರ್ 2014ರಲ್ಲಿ. 2017ರ ಜೂನ್ 16ರಿಂದ ದಿನಾ ದರ ಬದಲಾಯಿಸುವ ಪದ್ಧತಿಯೂ ಬಂತು. ಹೀಗಿದ್ದರೆ ಹೊರಗೆ ಇಳಿದದ್ದು ಮರುದಿನವೇ ನಮಗೂ ಇಳಿಯಬೇಕು, ಅಲ್ವಾ? ನಡುವೆ ತೆರಿಗೆ ಇದೆ. ನವೆಂಬರ್ 2014ರಿಂದ ಜನವರಿ 2016ರವರೆಗೆ ಕಚ್ಚಾ ತೈಲ ಕುಸಿಯುತ್ತಿದ್ದಾಗ ಕೇಂದ್ರ ಸರ್ಕಾರ ಒಂಬತ್ತು ಸಲ ಅಬಕಾರಿ ಸುಂಕ, ಅಂದರೆ ಇಂಧನದ ಮೇಲೆ ತಾನು ಹಾಕುವ ತೆರಿಗೆ, ಏರಿಸಿತು. ಪೆಟ್ರೋಲ್ ಮೇಲೆ ಲೀಟರಿಗೆ ಒಟ್ಟು 11.77 ರೂಪಾಯಿ, ಡೀಸೆಲ್ ಮೇಲೆ 13.47 ರೂಪಾಯಿ. ಏಪ್ರಿಲ್ 20, 2020ರಂದು ಕೋವಿಡ್ ಲಾಕ್‌ಡೌನ್ ಮಧ್ಯೆ ಅಮೆರಿಕದ ತೈಲದ ವಾಯಿದೆ ಬೆಲೆ (ಮುಂದೆ ಕೊಡುವ ತೈಲಕ್ಕೆ ಈಗಲೇ ಒಪ್ಪಿಕೊಳ್ಳುವ ಬೆಲೆ) ಸೊನ್ನೆಗಿಂತ ಕೆಳಗೆ, ಮೈನಸ್ 37 ಡಾಲರಿಗೆ ಹೋಯಿತು. ಅದೇ ಮಾರ್ಚ್ ಮತ್ತು ಮೇ ತಿಂಗಳಲ್ಲಿ ಇಲ್ಲಿ ಸುಂಕ ಪೆಟ್ರೋಲಿಗೆ 13 ರೂಪಾಯಿ, ಡೀಸೆಲಿಗೆ 16 ರೂಪಾಯಿ ಏರಿತು.

ಏರುವಾಗ ತಡೆ ಹಾಕಿದ್ದೂ ಉಂಟು. 2021ರ ನವೆಂಬರ್ 4ರಂದು ಕೇಂದ್ರ ಪೆಟ್ರೋಲಿಗೆ 5, ಡೀಸೆಲಿಗೆ 10 ರೂಪಾಯಿ ಸುಂಕ ಇಳಿಸಿತು. ಕರ್ನಾಟಕ ಸರ್ಕಾರವೂ ತನ್ನ ಪಾಲಿನಲ್ಲಿ 7 ರೂಪಾಯಿ ಬಿಟ್ಟಿತು. ಅಲ್ಲಿಂದ 2022ರ ಮಾರ್ಚ್ 21ರವರೆಗೆ ದರ ಅಲುಗಲಿಲ್ಲ. ಆಮೇಲೆ ಏಪ್ರಿಲ್ 6ರ ಒಳಗೆ, ಎರಡೇ ವಾರದಲ್ಲಿ, 10 ರೂಪಾಯಿ ಏರಿತು. ಮೇ 22ರಂದು ಮತ್ತೆ ಸುಂಕ ಕಡಿತ, ಪೆಟ್ರೋಲಿಗೆ 8, ಡೀಸೆಲಿಗೆ 6. ಮಾರ್ಚ್ 2024ರಲ್ಲಿ 2 ರೂಪಾಯಿ ಇಳಿಯಿತು. ಜೂನ್ 2024ರಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು ಪೆಟ್ರೋಲಿಗೆ ಶೇ. 25.92ರಿಂದ 29.84ಕ್ಕೆ ಏರಿಸಿತು, ಮೂರು ರೂಪಾಯಿ ವಾಪಸ್ ಏರಿತು. ಏಪ್ರಿಲ್ 2025ರಲ್ಲಿ ಡೀಸೆಲ್ ತೆರಿಗೆ ಶೇ. 21.17 ಆಯಿತು. ಪೆಟ್ರೋಲ್, ಡೀಸೆಲ್ ಎರಡೂ ಜಿಎಸ್‌ಟಿಯ ಹೊರಗೆ ಇರುವುದರಿಂದ ಕೇಂದ್ರ, ರಾಜ್ಯ ಎರಡೂ ಸರ್ಕಾರಗಳಿಗೆ ಇದು ಕೈಗೆ ಸುಲಭವಾಗಿ ಸಿಗುವ ಆದಾಯ.

ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ನಾವು ಬಂಕಿನಲ್ಲಿ ನೋಡುವ ದರ ಕಚ್ಚಾ ತೈಲದ ನೆರಳು ಮಾತ್ರ. ಸಿಟ್ಟು ಮಾಡುವುದಾದರೆ ಬಂಕಿನಲ್ಲಿ ಪೈಪ್ ಹಿಡಿದು ನಿಂತಿರುವ ಹುಡುಗನ ಮೇಲೆ ಮಾಡಬೇಡಿ. ಬಜೆಟ್ ದಿನ ಕೇಳಬೇಕಾದ ಪ್ರಶ್ನೆ ಅದು.

ಪೈಪ್‌ಲೈನ್ ನಮ್ಮೂರಿನ ಮೇಲೇ ಹೋಗುತ್ತದೆ. ಹಾಸನದಲ್ಲಾದರೂ ಅಗ್ಗ ಇರಬೇಡವೇ?

ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಪೈಪ್‌ಲೈನ್ ಹೋಗುವುದು ನಿಜ. ಪೈಪಿನಲ್ಲಿ ಕಳಿಸುವುದು ಟ್ಯಾಂಕರಿಗಿಂತ ಅಗ್ಗ ಅನ್ನುವುದೂ ನಿಜ. ಆದರೆ ಊರಿಂದ ಊರಿಗೆ ಸಾಗಣೆ ಖರ್ಚಿನಲ್ಲಿ ಬರುವ ವ್ಯತ್ಯಾಸ ಪೈಸೆಗಳ ಲೆಕ್ಕದ್ದು, ಹೆಚ್ಚೆಂದರೆ ರೂಪಾಯಿಯ ಆಸುಪಾಸು. ದರದ ದೊಡ್ಡ ಭಾಗ ಕಚ್ಚಾ ತೈಲ ಮತ್ತು ತೆರಿಗೆ, ಅವೆರಡೂ ರಾಜ್ಯದ ಎಲ್ಲಾ ಊರಿಗೂ ಒಂದೇ.

ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ತುಂಬಿಡುವ ನೆಲದಡಿಯ ಸಂಗ್ರಹಾಗಾರಗಳೂ ಇವೆ. ಅವು ತೈಲವೇ ಸಿಗದ ಆಪತ್ಕಾಲಕ್ಕೆ. ದರ ಇಳಿಸುವುದಕ್ಕೆ ಅಲ್ಲ.

ಡೀಸೆಲ್ 10 ರೂಪಾಯಿ ಏರಿದರೆ ಒಂದು ಕೆ.ಜಿ. ಆಲೂಗಡ್ಡೆ ಮೇಲೆ ಎಷ್ಟು ಏರಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕಿದ ದಿನ ನನಗೇ ಆಶ್ಚರ್ಯ ಆಯಿತು. ನಿಧಾನವಾಗಿ ಬನ್ನಿ.

ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿ.ಮೀ. ಹತ್ತು ಟನ್ ಆಲೂಗಡ್ಡೆ ಹಾಕಿದ ಲಾರಿ, ವಾಪಸ್ ಖಾಲಿ ಬಂತು ಅಂತಲೇ ಇಟ್ಟುಕೊಳ್ಳಿ. ಒಟ್ಟು 370 ಕಿ.ಮೀ. ಲೀಟರಿಗೆ 5 ಕಿ.ಮೀ. ಅಂದರೆ 74 ಲೀಟರ್ ಡೀಸೆಲ್. ಲೀಟರಿಗೆ 10 ರೂಪಾಯಿ ಏರಿದರೆ ಲಾರಿಗೆ 740 ರೂಪಾಯಿ ಜಾಸ್ತಿ. ಹತ್ತು ಸಾವಿರ ಕೆ.ಜಿ.ಗೆ ಹಂಚಿ. ಕೆ.ಜಿ.ಗೆ ಏಳೂವರೆ ಪೈಸೆ ಕೂಡ ಬರುವುದಿಲ್ಲ.

ದೂರದ ಮಾಲು ನೋಡೋಣ. ನಾಸಿಕ್ ಕಡೆಯಿಂದ ಈರುಳ್ಳಿ ಬರುತ್ತದೆ, ಸುಮಾರು ಸಾವಿರ ಕಿ.ಮೀ. ಹದಿನಾರು ಟನ್ ಲೋಡ್, ಲೀಟರಿಗೆ 4 ಕಿ.ಮೀ., ಹೋಗಿ ಬರಲು 500 ಲೀಟರ್. ಹತ್ತು ರೂಪಾಯಿ ಏರಿಕೆಗೆ 5,000 ರೂಪಾಯಿ. ಕೆ.ಜಿ.ಗೆ 31 ಪೈಸೆ.

ಸಕಲೇಶಪುರದ ಹಳ್ಳಿಯಿಂದ ಹಾಸನಕ್ಕೆ ತರಕಾರಿ ತರುವ ಚಿಕ್ಕ ಗೂಡ್ಸ್ ಗಾಡಿಯದೂ ಹೀಗೇ. ಹೋಗಿ ಬಂದು 80 ಕಿ.ಮೀ.ಗೆ ಐದು ಲೀಟರ್, 50 ರೂಪಾಯಿ ಜಾಸ್ತಿ. 750 ಕೆ.ಜಿ. ಹಾಕಿದ್ದರೆ ಏಳು ಪೈಸೆ.

ಹಾಗಾದರೆ "ಡೀಸೆಲ್ ಏರಿದೆ ಅಕ್ಕ" ಅಂತ ಕೆ.ಜಿ. ಮೇಲೆ ಐದು ರೂಪಾಯಿ ಏರಿಸುತ್ತಾರಲ್ಲ, ಅದು ಎಲ್ಲಿಂದ ಬಂತು? ಮೋಸ ಅಂತ ತಕ್ಷಣ ಹೇಳಬೇಡಿ. ಮಾಲು ಹೊಲದಿಂದ ಚೀಲಕ್ಕೆ ಬರುವಷ್ಟರಲ್ಲಿ ನಾಲ್ಕೈದು ಕೈ ದಾಟುತ್ತದೆ. ಪ್ರತಿ ಕೈಯಲ್ಲೂ ಬಾಡಿಗೆ, ಹಮಾಲಿ, ಕೊಳೆತು ಹೋಗುವ ಮಾಲು ಇರುತ್ತದೆ. ಗಾಡಿ ಬಾಡಿಗೆಯನ್ನು ಯಾರೂ ಪೈಸೆ ಲೆಕ್ಕದಲ್ಲಿ ಏರಿಸುವುದಿಲ್ಲ. ಮುನ್ನೂರು ಇದ್ದದ್ದು ಒಂದೇ ಸಲ ಮುನ್ನೂರೈವತ್ತು ಆಗುತ್ತದೆ. ಹೊಲದಲ್ಲೇ ಖರ್ಚು ಶುರುವಾಗಿರುತ್ತದೆ. ಟ್ರ್ಯಾಕ್ಟರ್ ಉಳುಮೆಗೆ ಗಂಟೆಗೆ ಇಷ್ಟು ಅಂತ ಕೊಡಬೇಕು. ನಮ್ಮ ಆಲೂಗಡ್ಡೆ ರೈತರ ಬಿತ್ತನೆ ಬೀಜ ಪಂಜಾಬಿನಿಂದ ಬರುತ್ತದೆ, ಎರಡು ಸಾವಿರ ಕಿ.ಮೀ.ಗೂ ಮೀರಿದ ದಾರಿ. ಇಷ್ಟೆಲ್ಲ ಸೇರಿಸಿದರೂ ಐದು ರೂಪಾಯಿ ತುಂಬುವುದು ಕಷ್ಟ.

ತರಕಾರಿ ದರವನ್ನು ನಿಜವಾಗಿ ಎಳೆದಾಡುವುದು ಮಳೆ, ರೋಗ, ಮತ್ತು ಆ ದಿನ ಮಾರುಕಟ್ಟೆಗೆ ಎಷ್ಟು ಮಾಲು ಬಂತು ಅನ್ನುವುದು. ಆಲೂಗಡ್ಡೆಗೆ ಅಂಗಮಾರಿ ರೋಗ ಬಿದ್ದ ವರ್ಷ ಡೀಸೆಲ್ ಪುಕ್ಕಟೆ ಕೊಟ್ಟರೂ ಬೆಲೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಜರಿದು ಶಿರಾಡಿಯೋ ಚಾರ್ಮಾಡಿಯೋ ಬಂದ್ ಆದಾಗ ಮೀನಿನ ದರ ಏನಾಗುತ್ತದೆ ಅಂತ ಹಾಸನ, ಚಿಕ್ಕಮಗಳೂರಿನವರಿಗೆ ಹೇಳಿಕೊಡಬೇಕಿಲ್ಲ. ಅಲ್ಲಿ ಡೀಸೆಲ್ ದರ ಒಂದು ಪೈಸೆ ಏರಿರುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಎಲ್ಲರಿಗೂ ಗೊತ್ತಿರುವ ದರ ಪೆಟ್ರೋಲ್, ಡೀಸೆಲಿನದು. ಯಾರು ಏನು ಏರಿಸಿದರೂ ಅದನ್ನು ತೋರಿಸಿದರೆ ಕೇಳುವವರು ಒಪ್ಪುತ್ತಾರೆ. ಬೇರೆ ಕಾರಣ ವಿವರಿಸುವುದು ಕಷ್ಟ, ಇದನ್ನು ಹೇಳುವುದು ಸುಲಭ. ಹಾಗೆ ಎಲ್ಲಾ ಏರಿಕೆಯ ಹೊಣೆಯೂ ಡೀಸೆಲ್ ಮೇಲೆ ಬೀಳುತ್ತದೆ.

ಗೊಬ್ಬರದ ಮೇಲೆ ಪೆಟ್ಟು ಬೀಳುವುದಿಲ್ಲವೇ?

ಯೂರಿಯಾ ಮಾಡುವುದು ನೈಸರ್ಗಿಕ ಅನಿಲದಿಂದ. ತೈಲ ಏರಿದಾಗ ಅನಿಲವೂ ಸಾಮಾನ್ಯವಾಗಿ ಏರುತ್ತದೆ. ಆದರೆ 45 ಕೆ.ಜಿ. ಚೀಲಕ್ಕೆ ರೈತರು ಕೊಡುವುದು 266.50 ರೂಪಾಯಿ, ವರ್ಷಗಳಿಂದ ಅದೇ ದರ. ಉಳಿದದ್ದು ಸಬ್ಸಿಡಿ. ಆ ಪೆಟ್ಟು ಹೊಲಕ್ಕೆ ಬೀಳದೆ ಕೇಂದ್ರ ಬಜೆಟ್ಟಿಗೆ ಬೀಳುತ್ತದೆ.

ಹೋಟೆಲಿನ ಟೀ, ತಿಂಡಿ ಒಮ್ಮೆ ಏರಿದರೆ ಯಾಕೆ ಇಳಿಯುವುದೇ ಇಲ್ಲ?

ನಾನು ಬೆಳಗ್ಗೆ ಟೀ ಕುಡಿಯುವ ಒಂದು ಚಿಕ್ಕ ಹೋಟೆಲ್ ಇದೆ. ಗೋಡೆಯ ಮೇಲೆ ನೀಲಿ ಬಣ್ಣದ ಹಳೆಯ ದರಪಟ್ಟಿ. ತಿಂಡಿಗಳ ಹೆಸರು ಪೇಂಟಿನಲ್ಲಿ ಬರೆದದ್ದು, ಅಂಕಿಗಳು ಮಾತ್ರ ಚೀಟಿ. ಒಂದರ ಮೇಲೆ ಒಂದು ಅಂಟಿಸಿ ಅಂಟಿಸಿ ಟೀ ಮುಂದಿನ ಚೀಟಿ ದಪ್ಪ ಆಗಿದೆ. ಒಂದು ದಿನ ಒಲೆಯ ಹಬೆಗೆ ಅದರ ಮೂಲೆ ಬಿಟ್ಟುಕೊಂಡಿತ್ತು. ಕೆಳಗೆ 12, ಅದರ ಕೆಳಗೆ 10, ಅದಕ್ಕೂ ಕೆಳಗೆ ಪೇಂಟಿನಲ್ಲೇ ಬರೆದ 8 ಕಂಡಿತು. ಮೇಲಿನದು 15. ಎಲ್ಲಾ ಚೀಟಿಯೂ ಮೇಲಕ್ಕೇ ಹೋಗಿವೆ.

ಯಜಮಾನರನ್ನು ಕೇಳಿದೆ. "ಸಿಲಿಂಡರ್ ಮೇಲೆ ನೂರು ರೂಪಾಯಿ ಏರಿದಾಗ ಒಂದು ಟೀಗೆ ಎಷ್ಟು ಅಂತ ಲೆಕ್ಕ ಹಾಕೋಕಾಗುತ್ತಾ ಮೇಡಂ? ನಾಲ್ಕಾಣೆ ಏರಿಸೋಕಾಗುತ್ತಾ?" ಅಂದರು. ಅವರ ಮಾತು ನಿಜ. ಒಂದು 19 ಕೆ.ಜಿ. ಸಿಲಿಂಡರಿನಲ್ಲಿ 400 ಲೋಟ, ತಟ್ಟೆ ಆಗುತ್ತದೆ ಅಂದುಕೊಂಡರೆ ತಲಾ 25 ಪೈಸೆ ಏರಬೇಕು. 25 ಪೈಸೆ ನಾಣ್ಯ ಈಗ ಚಲಾವಣೆಯಲ್ಲೇ ಇಲ್ಲ. ಅದಕ್ಕೇ ಅವರು ತುಂಬಾ ದಿನ ಸುಮ್ನೆ ತಡೆದುಕೊಳ್ಳುತ್ತಾರೆ. ಹಾಲು, ಸಕ್ಕರೆ, ಗ್ಯಾಸು, ಹುಡುಗರ ಸಂಬಳ ಎಲ್ಲಾ ಕೂಡಿಬಂದ ದಿನ ಒಂದೇ ಸಲ ಎರಡು ಮೂರು ರೂಪಾಯಿ ಏರಿಸುತ್ತಾರೆ. ನಮಗೆ ಕಾಣುವುದು ಆ ಒಂದು ದಿನ ಮಾತ್ರ. ಏರಿಸದೆ ತಡೆದ ಎಂಟು ಹತ್ತು ತಿಂಗಳು ಕಾಣುವುದಿಲ್ಲ.

ಇಳಿಸುವುದಿಲ್ಲ ಅನ್ನುವುದೂ ನಿಜವೇ. ಸಿಲಿಂಡರ್ ಇಳಿದರೂ ಹಾಲು ಇಳಿದಿರುವುದಿಲ್ಲ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತಲ್ಲ. ಇನ್ನು ದರ ಏರಿಸದೆ ತಿಂಡಿಯನ್ನೇ ಚಿಕ್ಕದು ಮಾಡುವುದೂ ಇದೆ. ಐದು ರೂಪಾಯಿ ಬಿಸ್ಕೆಟ್ ಪ್ಯಾಕಿನ ಗ್ರಾಂ ಓದಿ ನೋಡಿ. ಸೂಚ್ಯಂಕದವರು ತೂಕ ನೋಡಿ ಲೆಕ್ಕ ಹಾಕುತ್ತಾರೆ. ನಾವು ಮಕ್ಕಳು "ಇನ್ನೊಂದು ಕೊಡು" ಅಂದಾಗ ತಿಳಿಯುತ್ತೇವೆ.

2002ರಲ್ಲಿ ಜರ್ಮನಿಯಲ್ಲಿ ಯೂರೋ ನಾಣ್ಯ ಬಂದಾಗಲೂ ಜನ ಎಲ್ಲಾ ದುಬಾರಿ ಆಯಿತು ಅಂದರು. ದುಬಾರಿ ಅನ್ನುವ ತಮ್ಮ ಪದವನ್ನೂ ಯೂರೋವನ್ನೂ ಸೇರಿಸಿ "ಟೊಯ್ರೋ" ಅಂತಲೇ ಕರೆದರು. ಅಧಿಕೃತ ಲೆಕ್ಕದಲ್ಲಿ ಹಣದುಬ್ಬರ ಕಮ್ಮಿಯೇ ಇತ್ತು. ಆದರೆ ಹೋಟೆಲಿನ ಕಾಫಿ, ಊಟದಂಥ ದಿನನಿತ್ಯದ ಚಿಕ್ಕ ಖರ್ಚುಗಳು ಏರಿದ್ದವು. ಜನ ನೆನಪಿಟ್ಟುಕೊಂಡದ್ದು ಅವನ್ನೇ.

ಬಸ್ ದರ?

2025ರ ಜನವರಿ 5ರಿಂದ ಸರ್ಕಾರಿ ಬಸ್ ದರ ಶೇ. 15 ಏರಿತು. ಡೀಸೆಲ್ ಮತ್ತು ಸಿಬ್ಬಂದಿ ಖರ್ಚು ಏರಿದ್ದು ಕಾರಣ ಅಂದರು. ಅದಕ್ಕೆ ಹಿಂದಿನ ಏರಿಕೆ 2020ರಲ್ಲಿ. ನಡುವೆ ಡೀಸೆಲ್ ಎಷ್ಟು ಸಲ ಏರಿ ಇಳಿದರೂ ಟಿಕೆಟ್ ಅಲುಗಲಿಲ್ಲ. ಟೀ ಚೀಟಿಯ ಕಥೆಯೇ ಇಲ್ಲೂ.

ಅಡುಗೆ ಎಣ್ಣೆಗೂ ಕಚ್ಚಾ ತೈಲಕ್ಕೂ ಸಂಬಂಧ ಇದೆಯೇ?

ಇದೆ. ಇಂಡೋನೇಷ್ಯಾದಂಥ ದೇಶಗಳು ತಾಳೆ ಎಣ್ಣೆಯನ್ನು ಡೀಸೆಲಿಗೆ ಬೆರೆಸುತ್ತವೆ. ಕಚ್ಚಾ ತೈಲ ದುಬಾರಿ ಆದರೆ ತಾಳೆ ಎಣ್ಣೆಯನ್ನು ಗಾಡಿಗೆ ಸುಡುವುದು ಲಾಭ, ಅಡುಗೆಗೆ ಸಿಗುವುದು ಕಮ್ಮಿ. ನಮ್ಮ ದೇಶ ಅಡುಗೆ ಎಣ್ಣೆಯ ಅರ್ಧಕ್ಕಿಂತ ಜಾಸ್ತಿ ಪಾಲನ್ನು ಆಮದು ಮಾಡಿಕೊಳ್ಳುತ್ತದೆ. 2022ರಲ್ಲಿ ಎರಡು ಪೆಟ್ಟು ಒಟ್ಟಿಗೆ ಬಿದ್ದವು. ಸೂರ್ಯಕಾಂತಿ ಎಣ್ಣೆ ಕಳಿಸುತ್ತಿದ್ದ ಉಕ್ರೇನಿನಲ್ಲಿ ಯುದ್ಧ. ಏಪ್ರಿಲ್ 28ರಿಂದ ಸುಮಾರು ಒಂದು ತಿಂಗಳು ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿತು. ಸೋಪು, ಬಿಸ್ಕೆಟ್‌ಗಳಲ್ಲೂ ತಾಳೆ ಎಣ್ಣೆ ಇರುವುದರಿಂದ ಅವುಗಳ ಖರ್ಚೂ ಏರುತ್ತದೆ.

ಕಾಫಿಪುಡಿ ಏರಿದ್ದಕ್ಕೂ ತೈಲ ಕಾರಣವೇ?

ಮುಖ್ಯ ಕಾರಣ ಅಲ್ಲ. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟು ಬೆಳೆ ಕಮ್ಮಿಯಾಯಿತು. ಫೆಬ್ರವರಿ 2025ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಒಂದು ಪೌಂಡಿಗೆ 4 ಡಾಲರ್ ದಾಟಿ ದಾಖಲೆ ಬರೆಯಿತು.

ಈ ವಿಷಯದಲ್ಲಿ ಕಾಫಿ ಬೆಳೆಯುವ ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಅನುಭವವೇ ಬೇರೆ. ಚಿಕ್ಕಮಗಳೂರಿನ ಬೆಳೆಗಾರರಿಗೆ ಅದು ತುಂಬಾ ವರ್ಷಗಳ ನಂತರ ಬಂದ ಒಳ್ಳೆಯ ಬೆಲೆ. ಅದೇ ಊರಿನ ಬಾಡಿಗೆ ಮನೆಯಲ್ಲಿರುವವರಿಗೆ ಪುಡಿ ಅಳೆದು ಹಾಕುವ ಕಾಲ. ತೋಟದವರಿಗೂ ತೈಲದ ಪೆಟ್ಟು ತಪ್ಪಿದ್ದಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿ ಹೂ ಅರಳಿಸಬೇಕು. ಎಷ್ಟೋ ತೋಟಗಳಲ್ಲಿ ಆ ಪಂಪು ಓಡುವುದು ಡೀಸೆಲ್ ಮೇಲೆ, ಹಗಲೂ ರಾತ್ರಿ. ಅವರಿಗೆ ಡೀಸೆಲ್ ದರ ತಟ್ಟುವುದು ಆ ಕೆಲವು ವಾರ. ಪೆಟ್ಟು ಮಾತ್ರ ಜೋರು.

ಒಂದೇ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಥರ ಅನ್ನಿಸುವುದು ಯಾಕೆ?

ಒಬ್ಬೊಬ್ಬರು ನೋಡುವ ದರ ಬೇರೆ. ನಮ್ಮ ಮನೆಯಲ್ಲಿ ದಿನಸಿ, ತರಕಾರಿ ತರುವುದು ನಾನು. ಪೆಟ್ರೋಲ್, ವಿಮೆ, ಫೋನ್ ಬಿಲ್ ನನ್ನ ಯಜಮಾನರದು. ಈ ವರ್ಷ ಎಷ್ಟು ಏರಿತು ಅಂತ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದೆವು. ನನ್ನ ಅಂಕಿಯೇ ದೊಡ್ಡದು. ಇದರ ಮೇಲೆ ಅಮೆರಿಕದಲ್ಲಿ ಅಧ್ಯಯನ ನಡೆದಿದೆ. ಹೆಂಗಸರು ಗಂಡಸರಿಗಿಂತ ಹೆಚ್ಚು ಹಣದುಬ್ಬರ ನಿರೀಕ್ಷಿಸುತ್ತಾರೆ, ಅದಕ್ಕೆ ಕಾರಣ ದಿನಸಿ ತರುವ ಕೆಲಸ ಅವರ ಮೇಲೆ ಬಿದ್ದಿರುವುದು ಎಂದು ಅದು ತೋರಿಸಿತು. ಬಸ್ಸಿನಲ್ಲಿ ಇದು ತಿರುವುಮುರುವು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲದ ಶಕ್ತಿ ಯೋಜನೆ ಇರುವುದರಿಂದ ಆ ಶೇ. 15 ಏರಿಕೆ ನನಗೆ ತಟ್ಟಲಿಲ್ಲ, ಅವರಿಗೆ ತಟ್ಟಿತು.

ವಯಸ್ಸೂ ಇದೆ. ದುಬಾರಿ ಕಾಲ ಕಂಡವರು ಮುಂದೆಯೂ ದುಬಾರಿಯೇ ಬರುತ್ತದೆ ಅಂದುಕೊಳ್ಳುತ್ತಾರೆ. ಅಮ್ಮ 1970ರ ದಶಕದಲ್ಲಿ ಸೀಮೆಎಣ್ಣೆಗೆ ಡಬ್ಬ ಹಿಡಿದು ಸಾಲಿನಲ್ಲಿ ನಿಂತವರು. ಟಿವಿಯಲ್ಲಿ ಕೊಲ್ಲಿ ದೇಶದ ಯುದ್ಧದ ಸುದ್ದಿ ಬಂದರೆ ಇವತ್ತಿಗೂ ಅವರು ಮೊದಲು ಕೇಳುವುದು "ಗ್ಯಾಸ್ ಬುಕ್ ಮಾಡಿದ್ದೀಯಾ?" ಅಂತ.

ನಮ್ಮ ಅನಿಸಿಕೆಗೆ ಯಾರಾದರೂ ಬೆಲೆ ಕೊಡುತ್ತಾರಾ?

ಕೊಡುತ್ತಾರೆ. ರಿಸರ್ವ್ ಬ್ಯಾಂಕ್ ಎರಡು ತಿಂಗಳಿಗೊಮ್ಮೆ 19 ನಗರಗಳ ಮನೆಗಳಿಗೆ ಹೋಗಿ, ಈಗ ಬೆಲೆ ಎಷ್ಟು ಏರಿದೆ ಅನ್ನಿಸುತ್ತದೆ, ಮುಂದೆ ಎಷ್ಟು ಏರಬಹುದು ಅಂತ ಕೇಳುತ್ತದೆ. ನಮ್ಮ ರಾಜ್ಯದಿಂದ ಬೆಂಗಳೂರು ಇದೆ. ಜನ ಹೇಳುವ ಅಂಕಿ ಅಧಿಕೃತ ಅಂಕಿಗಿಂತ ಸಾಮಾನ್ಯವಾಗಿ ಮೇಲೇ ಇರುತ್ತದೆ. ಆದರೂ ಅವರು ಅದನ್ನು ತಳ್ಳಿಹಾಕುವುದಿಲ್ಲ. ಯಾಕೆಂದರೆ ಬೆಲೆ ಏರುತ್ತದೆ ಅಂದುಕೊಂಡವರು ಕೂಲಿ ಜಾಸ್ತಿ ಕೇಳುತ್ತಾರೆ, ಮನೆ ಬಾಡಿಗೆ ಮುಂಚೆಯೇ ಏರಿಸುತ್ತಾರೆ, ಅಂಗಡಿಯವರು ಚೀಟಿ ಬದಲಾಯಿಸುತ್ತಾರೆ. ಅನಿಸಿಕೆಯೇ ಬೆಲೆ ಆಗಿಬಿಡುತ್ತದೆ. ಹಣದುಬ್ಬರಕ್ಕೆ ಶೇ. 4ರ ಗುರಿ, ಎರಡು ಮೇಲೆ ಎರಡು ಕೆಳಗೆ ಹೋದರೂ ಸರಿ ಅಂತ ರಿಸರ್ವ್ ಬ್ಯಾಂಕಿಗೆ ಕೊಟ್ಟಿರುವುದೂ ಜನರ ಮನಸ್ಸಿನಲ್ಲಿ ಒಂದು ಅಂಕಿ ನಿಲ್ಲಲಿ ಅಂತಲೇ.

ಚಿಕ್ಕ ಊರುಗಳಲ್ಲೂ ಹಾಗೆ ಹೋಗಿ ಕೇಳಬೇಕು ಅನ್ನುವುದು ನನ್ನ ಆಸೆ. ಬೆಂಗಳೂರಿನವರ ಚೀಲ ನಮ್ಮ ಚೀಲ ಅಲ್ಲ.

ನಮ್ಮ ಮನೆಯ ಹಣದುಬ್ಬರವನ್ನು ನಾವೇ ಲೆಕ್ಕ ಹಾಕುವುದು ಹೇಗೆ?

ಸಂಘದ ಹೆಂಗಸರಿಗೆ ನಾನು ಹೇಳಿಕೊಟ್ಟ ವಿಧಾನ ಇದು. ಮನೆಗೆ ಪದೇ ಪದೇ ತರುವ ಹನ್ನೆರಡು ಹದಿನೈದು ಸಾಮಾನು ಆರಿಸಿ. ಅಕ್ಕಿ, ರಾಗಿ, ಬೇಳೆ, ಎಣ್ಣೆ, ಹಾಲು, ಕಾಫಿಪುಡಿ, ತೆಂಗಿನಕಾಯಿ, ಗ್ಯಾಸು, ಪೆಟ್ರೋಲ್, ಹೀಗೆ. ಸ್ಕೂಲ್ ಫೀಸು, ಬಾಡಿಗೆ, ಔಷಧಿಯನ್ನು ಬಿಡಬೇಡಿ. ಅವು ಅಪರೂಪಕ್ಕೆ ಕಣ್ಣಿಗೆ ಬೀಳುತ್ತವೆ, ಮೊತ್ತ ಮಾತ್ರ ದೊಡ್ಡದು. ತಿಂಗಳಿಗೆ ಎಷ್ಟು ಬೇಕು ಅಂತ ಒಮ್ಮೆ ಬರೆದಿಡಿ, ಆ ಪ್ರಮಾಣ ಬದಲಾಯಿಸಬೇಡಿ. ಪ್ರತಿ ತಿಂಗಳು ಒಂದೇ ದಿನ, ಒಂದೇ ಅಂಗಡಿಯ ದರ ಬರೆಯಿರಿ. ಒಟ್ಟು ಎಷ್ಟಾಯಿತು ನೋಡಿ, ಹೋದ ವರ್ಷದ ಅದೇ ತಿಂಗಳಿನ ಒಟ್ಟು ಅದರಿಂದ ಕಳೆಯಿರಿ. ಬಂದದ್ದನ್ನು ಹಳೆಯ ಒಟ್ಟಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ನಿಮ್ಮ ಮನೆಯ ಹಣದುಬ್ಬರ. ಸರ್ಕಾರ ಮಾಡುವುದೂ ಇದನ್ನೇ. ಅವರು 1,114 ನಗರ ಮಾರುಕಟ್ಟೆ, 1,181 ಹಳ್ಳಿಗಳಿಂದ ದರ ತರಿಸಿ 2012ರ ಸೂಚ್ಯಂಕ ಮಾಡುತ್ತಿದ್ದರು.

ಗ್ಯಾಸಿಗೆ ಒಂದು ಉಪಾಯ. ಸಿಲಿಂಡರ್ ಹಾಕಿದ ದಿನ ಕ್ಯಾಲೆಂಡರಿನ ಆ ಚೌಕದಲ್ಲಿ ದರ ಬರೆಯಿರಿ. ಮುಗಿದ ದಿನ ಗುರುತು ಹಾಕಿ. ದರವನ್ನು ದಿನಗಳಿಂದ ಭಾಗಿಸಿದರೆ ಒಲೆಗೆ ದಿನಕ್ಕೆ ಎಷ್ಟು ಅಂತ ಸಿಗುತ್ತದೆ. ಮನೆ ಸಿಲಿಂಡರ್ ಆಗಸ್ಟ್ 2023ರಲ್ಲಿ 200, ಮಾರ್ಚ್ 2024ರಲ್ಲಿ 100 ಇಳಿಯಿತು, ಏಪ್ರಿಲ್ 2025ರಲ್ಲಿ 50 ಏರಿತು. ಸಂಘದಲ್ಲಿ ಮೂರನ್ನೂ ಸರಿಯಾಗಿ ನೆನಪಿಟ್ಟುಕೊಂಡಿದ್ದವರು ಒಬ್ಬರೇ. ಅವರು ಹಳೆಯ ಕ್ಯಾಲೆಂಡರುಗಳನ್ನು ಎಸೆಯದೆ ಅಟ್ಟದ ಮೇಲೆ ಸುರುಳಿ ಸುತ್ತಿ ಇಟ್ಟಿದ್ದರು. ಮುಂದಿನ ಸಭೆಗೆ ಅವನ್ನು ತರುತ್ತೇನೆ ಅಂದಿದ್ದಾರೆ.